‘ಹಿಡಿ’ ಎಂಬ ಪದದ ಹರಹು

ಇಂಗ್ಲಿಷಿನ ‘ಕ್ರ್ಯಾಂಪ್’ ಎಂಬ ಪದಕ್ಕೆ ಎರಡು ಮುಖಗಳುಂಟು. ಮಾಂಸಖಂಡವು ತಾನಾಗಿ ಬಿಗಿದುಕೊಂಡು ಸಡಿಲದಿರುವ ನೋವು ಒಂದು; ಬಡಗಿಯು ಅಂಟು ಹಚ್ಚಿದ ಹಲಗೆಗಳನ್ನು ಬಿಗಿದಿಡುವ ಉಪಕರಣ ಇನ್ನೊಂದು. ಎರಡಕ್ಕೂ ಮೂಲವಾದ ಜರ್ಮಾನಿಕ್ ಧಾತುವಿಗೆ ‘ಬಾಗಿದ್ದು’ ಎಂದರ್ಥ.

ಕನ್ನಡವಾದರೋ ಈ ಭಾವವನ್ನು ಕೈಯಿಂದ ಪಡೆದಿದೆ. ‘ಹಿಡಿ’ ಎಂದರೆ ಮುಷ್ಟಿ. ಮುಷ್ಟಿಯಷ್ಟು ಅಕ್ಕಿಯೂ ಹಿಡಿ. ಕುಡುಗೋಲಿನ ಕಾವೂ ಹಿಡಿ. ಹಳಗನ್ನಡದಲ್ಲಿ ಇದು ‘ಪಿಡಿ’. ತಮಿಳಿನಲ್ಲಿ ಇಂದಿಗೂ ಪಿಡಿಯೇ. ಕ್ರಿಯಾಪದವಾದಾಗ ಇದರ ಹರಹು ಮತ್ತೂ ದೊಡ್ಡದು. ಹಂಡೆಯು ನಾಲ್ಕು ಕೊಡ ನೀರು ಹಿಡಿಯುತ್ತದೆ, ರಾಜಾಜಿನಗರದಿಂದ ಕೆಂಗೇರಿಗೆ ಹೋಗಲು ಬಹಳ ಹೊತ್ತು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಜಡಿಮಳೆ ಹಿಡಿದುಕೊಳ್ಳುತ್ತದೆ, ಹಾಗೆಯೇ ಕಾಲೂ ಹಿಡಿದುಕೊಳ್ಳುತ್ತದೆ. ತುಕ್ಕು, ಮಳೆ, ಕಾಲು ಈ ಮೂರರಲ್ಲಿಯೂ ಸುಲಭವಾಗಿ ಬಿಡದಿರುವ ಗುಣವೇ ಮುಖ್ಯ.

ಇದು ಕೇವಲ ನಿಘಂಟಿನ ವಿಷಯವಲ್ಲ. ಬಹಳ ಹೊತ್ತು ಕಾಲು ಮಡಚಿ ಕುಳಿತಾಗ ನರ ಅದುಮಿ ಬರುವುದು ಜೋಮು. ಎಡವಿದಾಗ ಕೀಲಿನ ಕಟ್ಟಿಗೆ ಆಗುವ ಪೆಟ್ಟು ಉಳುಕು. ರಾತ್ರಿ ಮೀನಖಂಡ ಕಲ್ಲಿನಂತಾಗುವುದು ಹಿಡಿತ. ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ನೀವಿದರೆ ಸಾಮಾನ್ಯವಾಗಿ ಸಡಿಲುತ್ತದೆ. ಉಳುಕಿದ ಕಾಲನ್ನು ಹೀಗೆ ಎಳೆದರೆ ಹಾನಿಯೇ ಹೆಚ್ಚು.

ಶಾಲೆ ಕಾಣದ ನಮ್ಮ ಅಜ್ಜಿಯರು ವೈದ್ಯರ ಮುಂದೆ ಈ ಮೂರನ್ನೂ ಬೇರೆ ಬೇರೆಯಾಗಿ ಹೇಳಬಲ್ಲರು. ಪದವಿ ಪಡೆಯಲಿರುವ ನಾವು ಎಲ್ಲಕ್ಕೂ ‘ಪೇನ್’ ಎಂದು ಸುಮ್ಮನಾಗುತ್ತೇವೆ. ಮನೆಯ ಹಿರಿಯರನ್ನು ಕೇಳಿ ಇಂತಹ ಪದಗಳನ್ನು ಬರೆದಿಟ್ಟುಕೊಳ್ಳುವುದು ವಿದ್ಯಾರ್ಥಿಗಳಾದ ನಮ್ಮಿಂದ ಆಗಬಹುದಾದ ಕೆಲಸ.