ರುಜು ಬಿದ್ದ ಮೇಲೆ ಬಂದ ಹಾವಳಿ

ನವಲಿ, ಕನಕಗಿರಿ, ಕುಷ್ಟಗಿ ಸೀಮೆಯ ಹಿರಿಯರು ಮಾತಿನ ನಡುವೆ ‘ರಜಾಕಾರರ ಹಾವಳಿ ಕಾಲ’ ಎಂದರೆ ಕೇಳುವವರಿಗೆ ವರ್ಷ ಹೇಳಬೇಕಿಲ್ಲ. ಆದರೆ ಆ ವರ್ಷವನ್ನು ಗಮನಿಸಬೇಕು. ಹಾವಳಿ ಮಿತಿಮೀರಿದ್ದು 1948ರಲ್ಲಿ. ಭಾರತಕ್ಕೂ ಹೈದರಾಬಾದಿನ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾದದ್ದು ಅದಕ್ಕೂ ಮೊದಲು, 1947ರ ನವೆಂಬರ್ 29ರಂದು. ಶಾಂತಿಯ ಕಾಗದಕ್ಕೆ ರುಜು ಬಿದ್ದ ಮೇಲೆಯೇ ಹಳ್ಳಿಗಳಲ್ಲಿ ಅಂಜಿಕೆ ಹೆಚ್ಚಿತು. ಹೀಗೇಕಾಯಿತು?

ಆ ಕಾಗದ ಹುಟ್ಟಿದ್ದೇ ಬೆದರಿಕೆಯ ನಡುವೆ. ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕ ಬಹಾದೂರ್ ಯಾರ್ ಜಂಗ್ 1944ರಲ್ಲಿ ತೀರಿಕೊಂಡ ನಂತರ ಅದರ ಹಿಡಿತ ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಸೇರಿತು. ರಜಾಕಾರರು ಅದರ ಸ್ವಯಂಸೇವಕ ದಳ. 1947ರ ಅಕ್ಟೋಬರ್ 27ರಂದು, ಒಪ್ಪಂದಕ್ಕಾಗಿ ದೆಹಲಿಗೆ ಹೊರಡಬೇಕಿದ್ದ ನಿಜಾಮರ ಪ್ರಧಾನಿ ಛತಾರಿ ನವಾಬರ ಮತ್ತು ಅವರ ವಕೀಲ ವಾಲ್ಟರ್ ಮಾಂಕ್ಟನ್‌ರ ಮನೆಗಳನ್ನು ರಜ್ವಿಯ ಜನ ಸುತ್ತುವರಿದರು. ಪ್ರಯಾಣ ನಿಂತಿತು, ಛತಾರಿ ಕೆಳಗಿಳಿದರು, ಮೀರ್ ಲಾಯಕ್ ಅಲಿ ಪ್ರಧಾನಿಯಾದರು. ಒಂದು ತಿಂಗಳ ನಂತರ ಒಪ್ಪಂದವೇನೋ ಆಯಿತು. ಆದರೆ ಮನೆ ಸುತ್ತುವರಿದು ಸರ್ಕಾರವನ್ನೇ ಬದಲಿಸಬಹುದೆಂದು ರಜಾಕಾರರು ಕಂಡುಕೊಂಡಿದ್ದರು.

ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಒಂದು ವರ್ಷ ಮೊದಲಿನಂತೆಯೇ ಇರಲಿ ಎಂದಿತು ಒಪ್ಪಂದ. ಸಿಕಂದರಾಬಾದಿನ ಭಾರತೀಯ ಪಡೆ ಹಿಂದೆ ಸರಿಯಿತು. ರಜಾಕಾರ ದಳ ಮಾತ್ರ ಹಾಗೇ ಉಳಿಯಿತು. ಸರ್ಕಾರಗಳನ್ನು ಕಟ್ಟಿಹಾಕಿ, ಬಂದೂಕು ಹಿಡಿದವನನ್ನು ಬಿಟ್ಟುಬಿಟ್ಟದ್ದೇ ಆ ಒಪ್ಪಂದದ ದೊಡ್ಡ ತಪ್ಪೆಂದು ನನಗನಿಸುತ್ತದೆ.

ಆಗ ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಕಂಪ್ಲಿ, ಹೊಸಪೇಟೆ. ಪಶ್ಚಿಮಕ್ಕೆ ನಡೆದರೆ ಮುಂಬಯಿ ಪ್ರಾಂತ್ಯದ ಮುಂಡರಗಿ, ಗಜೇಂದ್ರಗಡ. ರಜಾಕಾರರಿಗೆ ಅಂಜಿ ಜನ ಮನೆಮಾರು ಬಿಟ್ಟು ಗಡಿ ದಾಟಿದರು. ಆಚೆ ಹೋರಾಟದ ಶಿಬಿರಗಳೆದ್ದವು: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಶಿಬಿರದವರು ನಿಜಾಮರ ಕರೋಡಗಿರಿ (ಸುಂಕದ) ನಾಕಾಗಳ ಮೇಲೆ ಬಿದ್ದರು. ಅತ್ತ ಬೀದರಿನ ಗೋರಟಾದಲ್ಲಿ ರಜಾಕಾರರಿಂದ ಹತ್ಯಾಕಾಂಡವೇ ನಡೆಯಿತು. ಇದನ್ನು ಬರೀ ಹಿಂದೂ-ಮುಸ್ಲಿಂ ಕತೆಯಾಗಿ ಹೇಳುವವರು ಶೋಯಬುಲ್ಲಾ ಖಾನರನ್ನು ಮರೆಯುತ್ತಾರೆ. ಭಾರತದೊಡನೆ ವಿಲೀನವಾಗಬೇಕೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಆ ಸಂಪಾದಕರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ರಜಾಕಾರರು ಕೊಂದರು.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ರಜ್ವಿ ಸೆರೆಯಾಗಿ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಆದರೆ ಶರಣಾಗತಿಯ ನಂತರವೂ ಹಿಂಸೆ ನಿಲ್ಲಲಿಲ್ಲ. ಈ ಸಲ ಅದು ರಜಾಕಾರರೊಡನೆ ಯಾವ ಸಂಬಂಧವೂ ಇರದ ಮುಸ್ಲಿಂ ಮನೆಗಳ ಮೇಲೂ ತಿರುಗಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ನಲುಗಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು.

ನಿಜಾಮರ ಶರಣಾಗತಿಯನ್ನು ನೆನೆಯುವ ವಿಮೋಚನಾ ದಿನದ ಭಾಷಣಗಳಲ್ಲಿ ಶಿಬಿರಗಳ ಸಾಹಸ ಬರುತ್ತದೆ, ಬರಲೇಬೇಕು. ಶರಣಾಗತಿಯ ನಂತರದ ಹಿಂಸೆಯ ಈ ಎರಡನೆಯ ಪಾಲೂ ಬರಲಿ. ಅಂದು ಹತ್ತು ವರ್ಷದ ಹುಡುಗರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಸೀಮೆಯಿಂದ ಹೊಳೆ ದಾಟಿದರೆ ಸಿಗುತ್ತದೆ. ಹೋಬಳಿ ಹೋಬಳಿಗೆ ಬಂದು ಎರಡೂ ಕಡೆಯ ಮನೆಗಳ ನೆನಪನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಈ ವರ್ಷವೇ ಆಗಬೇಕು.