ಓಟಿಪಿ ಬರದ ಊರಿಗೊಂದು ಬೀಗ

ಸೊರಬ ತಾಲೂಕಿನ ಗುಡವಿ ಅಂದ್ರೆ ಎಲ್ಲರಿಗೂ ನೆನಪಾಗೋದು ಪಕ್ಷಿಧಾಮ. ಮಳೆಗಾಲದಲ್ಲಿ ಕೆರೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸಾಗರ, ಶಿಕಾರಿಪುರದ ಕಡೆಯಿಂದ ಬಂದ ಹುಡುಗರು ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕ್ತಾರೆ. ಆ ಕಡೆಯ ವೀಕ್ಷಕರೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿ ಕೇಳಿದ್ರು: "ಸಾರ್, ಖಾತೆಗೆ ಓಟಿಪಿ ಹಾಕಿಸ್ಕೊಳ್ಳಿ ಅಂತ ನೀವು ಟಿವಿಲಿ ಹೇಳ್ತೀರಿ. ನಮ್ಮನೆ ಹತ್ರ ಸಿಗ್ನಲ್ಲೇ ಇರಲ್ಲ. ಓಟಿಪಿ ಬರಬೇಕಂದ್ರೆ ಗುಡ್ಡ ಹತ್ತಬೇಕು, ಹತ್ತಿ ಇಳಿಯೋದ್ರೊಳಗೆ ಅದರ ಟೈಮ್ ಮುಗಿದಿರುತ್ತೆ. ನಾವೇನ್ ಮಾಡೋದು?"

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೊದಲು, ಖಾತೆಗಳು ಕೈತಪ್ಪೋದು ಹೇಗೆ ಅಂತ ನೋಡೋಣ.

2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ಉಪೇಂದ್ರ ಅವರ ಫೋನ್ ಹ್ಯಾಕ್ ಆದ ಸುದ್ದಿ ನಿಮಗೆ ನೆನಪಿರಬಹುದು. ಪ್ರಿಯಾಂಕಾ ಆನ್‌ಲೈನ್‌ನಲ್ಲಿ ಏನೋ ಆರ್ಡರ್ ಮಾಡಿದ್ದರು. ಡೆಲಿವರಿಯವನ ಹೆಸರಲ್ಲಿ ಕರೆ ಬಂತು. ಒಂದಷ್ಟು ಅಂಕಿ, ಹ್ಯಾಶ್ ಗುರುತು ಒತ್ತಿ ಅಂದ. ಒತ್ತಿದರು. ಅಷ್ಟೇ. ವಾಟ್ಸಾಪ್ ಕಳ್ಳನ ಪಾಲಾಯ್ತು. ಪರಿಚಯದವರಿಗೆಲ್ಲ ತುರ್ತಾಗಿ ದುಡ್ಡು ಬೇಕು ಅನ್ನೋ ಮೆಸೇಜ್ ಹೋಯ್ತು, ನಂಬಿ ದುಡ್ಡು ಹಾಕಿದವರಲ್ಲಿ ಅವರ ಮಗನೂ ಇದ್ದ. ಗಂಡ ಹೆಂಡತಿ ಇಬ್ಬರೂ ವಿಡಿಯೋ ಮಾಡಿ, ನಮ್ಮ ನಂಬರ್‌ನಿಂದ ದುಡ್ಡು ಕೇಳಿದರೆ ಹಾಕಬೇಡಿ ಅಂತ ಜನರನ್ನ ಎಚ್ಚರಿಸಬೇಕಾಯ್ತು.

ಇಂಥ ಕಡೆ ಯಾರೂ ಪಾಸ್‌ವರ್ಡ್ ಕದಿಯೋದಿಲ್ಲ. ಹೀಗೆ ಒತ್ತಿಸೋ ಅಂಕಿಗಳು ಸಾಮಾನ್ಯವಾಗಿ ಕಾಲ್ ಫಾರ್ವರ್ಡಿಂಗ್ ಆದೇಶ. ಒತ್ತಿದ ಕ್ಷಣದಿಂದ ನಿಮಗೆ ಬರಬೇಕಾದ ಕರೆ ಇನ್ನೊಬ್ಬನ ಫೋನಿಗೆ ಹೋಗುತ್ತೆ. ವಾಟ್ಸಾಪ್ ತನ್ನ ಆರಂಕಿಯ ಸಂಖ್ಯೆಯನ್ನ ಮೆಸೇಜಲ್ಲಿ ಕಳಿಸುತ್ತೆ, ಇಲ್ಲಾ ಕರೆ ಮಾಡಿ ಓದಿ ಹೇಳುತ್ತೆ. ಕಳ್ಳ ಆರಿಸೋದು ಎರಡನೆಯದನ್ನ. ಆ ಕರೆ ನೇರ ಅವನ ಕಿವಿಗೇ ಬೀಳುತ್ತೆ. ಯಂತ್ರದ ಮಟ್ಟಿಗೆ ಎಲ್ಲವೂ ಸರಿಯಾಗೇ ನಡೆದಿದೆ. ಇದನ್ನ ಹ್ಯಾಕ್ ಅನ್ನೋದೇ ಹೆಚ್ಚು. ನಯವಾಗಿ ಮಾತಾಡಿ ಬೀಗದ ಕೈ ಇಸ್ಕೊಳ್ಳೋದು ಇದು.

ದೊಡ್ಡ ಕಂಪನಿಗಳೂ ಹೀಗೇ ಬಿದ್ದಿವೆ. 2020ರ ಜುಲೈ 15ರಂದು ಒಬಾಮಾ, ಬೈಡನ್, ಎಲಾನ್ ಮಸ್ಕ್ ಅವರ ಟ್ವಿಟರ್ ಖಾತೆಗಳಿಂದ ಬಿಟ್‌ಕಾಯಿನ್ ಕಳಿಸಿ ಅನ್ನೋ ಸಂದೇಶ ಬಂತಲ್ಲ, ಅವತ್ತು ಗುರಿಯಾದದ್ದು 130 ಖಾತೆ, ಟ್ವೀಟ್ ಹೋದದ್ದು 45 ಖಾತೆಗಳಿಂದ. ದಾರಿ? ಟ್ವಿಟರ್‌ನ ನೌಕರರಿಗೇ ಫೋನ್ ಮಾಡಿ ಯಾಮಾರಿಸಿದ್ದು. ಮುಖ್ಯ ಆರೋಪಿ ಫ್ಲೋರಿಡಾದ 17 ವರ್ಷದ ಹುಡುಗ.

ಈಗ ಗುಡವಿಯ ಪ್ರಶ್ನೆಗೆ ಬರೋಣ. ಮೆಸೇಜಲ್ಲಿ ಬರೋ ಓಟಿಪಿಗೆ ಟವರ್ ಬೇಕು, ಸಿಮ್ ಬೇಕು. ಸಿಮ್ಮನ್ನೇ ಯಾರೋ ಡೂಪ್ಲಿಕೇಟ್ ಮಾಡಿಸಿಕೊಂಡರೆ ಓಟಿಪಿಯೂ ಅವನ ಹಿಂದೆ ಹೋಗುತ್ತೆ. ಇದಕ್ಕಿಂತ ಗಟ್ಟಿಯಾದದ್ದು ಅಥೆಂಟಿಕೇಟರ್ ಆಪ್. ಗೂಗಲ್‌ದು ಇದೆ, ಮೈಕ್ರೋಸಾಫ್ಟ್‌ದು ಇದೆ, ಎರಡೂ ಪುಕ್ಕಟೆ. ಸೊಗಸು ಏನಂದ್ರೆ, ಇದಕ್ಕೆ ಸಿಗ್ನಲ್ಲೇ ಬೇಡ. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿದರೂ ಅಂಕಿ ಕೊಡುತ್ತೆ.

ಅದು ಹೇಗೆ? ಒಂದೇ ಪಂಚಾಂಗ ಇರೋ ಇಬ್ಬರು, ಒಬ್ಬರು ಸೊರಬದಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಒಬ್ಬರಿಗೊಬ್ಬರು ಫೋನ್ ಮಾಡದೇ ಒಂದೇ ದಿನಕ್ಕೆ ಒಂದೇ ತಿಥಿ ಹೇಳ್ತಾರೆ. ನೀವು ಮೊದಲ ಸಲ ಆ ಚೌಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಇನ್‌ಸ್ಟಾಗ್ರಾಮ್ ನಿಮ್ಮ ಫೋನಿಗೆ ಒಂದು ಗುಟ್ಟಿನ ಅಕ್ಷರಮಾಲೆ ಕೊಡುತ್ತೆ. ಅದೇ ಪಂಚಾಂಗ, ಪ್ರತಿ ಎರಡೇ. ಆಮೇಲೆ ಎರಡೂ ಕಡೆ ಆ ಗುಟ್ಟಿಗೆ ಈಗಿನ ಸಮಯ ಸೇರಿಸಿ ಲೆಕ್ಕ ಹಾಕಿದರೆ ಅದೇ ಆರಂಕಿ ಬರುತ್ತೆ. 30 ಸೆಕೆಂಡಿಗೊಮ್ಮೆ ಬದಲಾಗುತ್ತೆ. ಯಾರೂ ಯಾರಿಗೂ ಏನೂ ಕಳಿಸೋದಿಲ್ಲ, ಹಾಗಾಗಿ ದಾರಿಯಲ್ಲಿ ಕದಿಯೋಕೂ ಏನಿಲ್ಲ. ಎಂಜಿನಿಯರಿಂಗ್ ಓದಿದವರ ಕೆಟ್ಟ ಚಟ ಇದು, ಇಂಥದ್ದನ್ನ ವಿವರಿಸೋಕೆ ಹೊರಟರೆ ನಿಲ್ಲಿಸೋದು ಕಷ್ಟ. ಒಂದೇ ಮಾತು: ಫೋನಿನ ಗಡಿಯಾರ ಆಟೋಮ್ಯಾಟಿಕ್‌ನಲ್ಲೇ ಇರಲಿ. ಟೈಮ್ ತಪ್ಪಿದರೆ ತಿಥಿಯೂ ತಪ್ಪುತ್ತೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರಲ್ಲೂ ಅಕೌಂಟ್ಸ್ ಸೆಂಟರ್‌ಗೆ ಹೋಗಿ, ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ ಒಳಗೆ ಟೂ ಫ್ಯಾಕ್ಟರ್ ಅಂತ ಸಿಗುತ್ತೆ. ಅಲ್ಲಿ ಮೆಸೇಜ್ ಬದಲು ಆಪ್ ಆರಿಸಿ. ಜೊತೆಗೆ ಕೊಡೋ ಬ್ಯಾಕಪ್ ಕೋಡ್‌ಗಳನ್ನ ಕಾಗದದ ಮೇಲೆ ಬರೆದು ಮನೆಪತ್ರ, ಪಹಣಿ ಇಡೋ ಜಾಗದಲ್ಲೇ ಇಡಿ. ಫೋನ್ ಕೆರೆಗೆ ಬಿದ್ದ ದಿನ ಅವೇ ಕೈಹಿಡಿಯೋದು. ಅದರ ಫೋಟೋ ತೆಗೆದು ಅದೇ ಫೋನಲ್ಲಿ ಇಟ್ಟುಕೊಂಡರೆ ಏನು ಬಂತು?

ವಾಟ್ಸಾಪ್‌ನದು ಬೇರೆ ದಾರಿ. ಸೆಟ್ಟಿಂಗ್ಸ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಅನ್ನೋ ಆರಂಕಿಯ ಪಿನ್ ಇದೆ. ಇದು ಎಲ್ಲಿಂದಲೂ ಬರೋದಲ್ಲ, ನೀವೇ ಇಟ್ಟುಕೊಳ್ಳೋದು. ಹಾಗಾಗಿ ಕರೆ ಫಾರ್ವರ್ಡ್ ಆಗಿ ಓಟಿಪಿ ಕಳ್ಳನಿಗೆ ಸಿಕ್ಕರೂ ಈ ಪಿನ್ ಇಲ್ಲದೆ ಅವನು ಒಳಗೆ ಬರಲಾರ. ನೀವು ಹಾಕದಿದ್ದರೆ? ಅವನೇ ಹಾಕ್ತಾನೆ. ಆಮೇಲೆ ನಿಮ್ಮದೇ ಖಾತೆಗೆ ನೀವು 7 ದಿನ ಕಾಯಬೇಕಾಗಬಹುದು.

ಇಷ್ಟಾದರೂ ಪೂರ್ತಿ ನೆಮ್ಮದಿ ಅಂತ ನಾನು ಹೇಳಲ್ಲ. 'ನಿಮ್ಮ ಪೇಜ್‌ಗೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯಲ್ಲಿ ಅಳಿಸ್ತೀವಿ' ಅನ್ನೋ ಲಿಂಕ್ ಒತ್ತಿ, ನಕಲಿ ಪುಟದಲ್ಲಿ ಪಾಸ್‌ವರ್ಡ್ ಜೊತೆ ಆಪ್‌ನ ಅಂಕಿಯನ್ನೂ ಹಾಕಿದರೆ ಕಳ್ಳನಿಗೆ ಆ 30 ಸೆಕೆಂಡೇ ಸಾಕು. ಪಾಸ್‌ಕೀ ಅನ್ನೋ ಹೊಸ ವ್ಯವಸ್ಥೆಯಲ್ಲಿ ಈ ತೊಂದರೆ ಇಲ್ಲ, ಅದು ಅಸಲಿ ಜಾಲತಾಣಕ್ಕೇ ಅಂಟಿಕೊಂಡಿರುತ್ತೆ, ನಕಲಿ ಪುಟಕ್ಕೆ ಬಾಯಿ ಬಿಡಲ್ಲ. ನಿಮ್ಮ ಆಪ್‌ನಲ್ಲಿ ಆ ಆಯ್ಕೆ ಕಂಡರೆ ಹಾಕ್ಕೊಳ್ಳಿ.

ಎಲ್ಲಕ್ಕಿಂತ ಮೊದಲು ಬೀಗ ಹಾಕಬೇಕಾದ್ದು ನಿಮ್ಮ ಜಿಮೇಲ್‌ಗೆ. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದಾಗ ಕೊಂಡಿ ಬರೋದು ಅಲ್ಲಿಗೆ ತಾನೇ? ಆ ಜಿಮೇಲನ್ನ ಮೊಬೈಲ್ ಅಂಗಡಿ ಹುಡುಗ ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು ಅನ್ನೋ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಅವನು ಒಳ್ಳೆಯವನೇ ಇರಬಹುದು, ಆದರೂ ಇವತ್ತೇ ಬದಲಾಯಿಸಿ. ಫೇಸ್‌ಬುಕ್‌ಗೆ ಒಂದು, ಜಿಮೇಲ್‌ಗೆ ಬೇರೆ ಇರಲಿ.

ಈಗಾಗಲೇ ಯಾರಾದರೂ ಒಳಗಿದ್ದಾರಾ? ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ 'ವೇರ್ ಯು ಆರ್ ಲಾಗ್ಡ್ ಇನ್' ಅಂತ ಇದೆ, ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್. ನಿಮ್ಮದಲ್ಲದ ಫೋನ್ ಕಂಡರೆ ಲಾಗೌಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಕರೆಗಳು ಬೇರೆ ಕಡೆ ಹೋಗ್ತಿವೆ ಅನ್ನೋ ಅನುಮಾನ ಬಂದರೆ ##002# ಒತ್ತಿ, ಫಾರ್ವರ್ಡಿಂಗ್ ಎಲ್ಲ ರದ್ದಾಗುತ್ತೆ.

ವಾಟ್ಸಾಪ್ ಹೋಗೇಬಿಟ್ಟಿದ್ದರೆ ಫಾರ್ವರ್ಡಿಂಗ್ ತೆಗೆದು ಕೂಡಲೇ ಅದೇ ನಂಬರ್ ಹಾಕಿ ಮತ್ತೆ ಲಾಗಿನ್ ಆಗಿ. ಹೊಸ ಓಟಿಪಿ ಹಾಕಿದ ತಕ್ಷಣ ಕಳ್ಳ ಹೊರಗೆ ಬೀಳ್ತಾನೆ, ಅವನಿಟ್ಟ ಪಿನ್ ನಿಮಗೆ ಗೊತ್ತಿಲ್ಲದಿದ್ದರೂ. ಆಮೇಲೆ ನೆಂಟರಿಗೆ ಮಾಮೂಲಿ ಫೋನ್ ಮಾಡಿ ಹೇಳಿ. ಯಾರಾದರೂ ದುಡ್ಡು ಹಾಕಿಬಿಟ್ಟಿದ್ದರೆ ಹಾಕಿದವರೇ 1930ಕ್ಕೆ ಕರೆ ಮಾಡಬೇಕು, ಆ ದುಡ್ಡು ಮುಂದಿನ ಖಾತೆಗೆ ಜಾರೋ ಮೊದಲು. ದೂರು ಕೊಡೋಕೆ ಶಿವಮೊಗ್ಗದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ಇನ್ನೊಬ್ಬರ ಪಾಸ್‌ವರ್ಡ್, ಗುರುತನ್ನ ಮೋಸದಿಂದ ಬಳಸಿದವರಿಗೆ ಐಟಿ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಹೋಗುವಾಗ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತಗೊಂಡು ಹೋಗಿ, ನಾಚಿಕೆಗೆ ಅಳಿಸಿಬಿಡಬೇಡಿ.