ಮಡಚುವ ಹಾಯಿದೋಣಿಯ ಸಡಿಲ ಬೋಲ್ಟು: ಬಿಗಿಗೊಳಿಸಿದರಷ್ಟೇ ಸಾಲದು

ಗೋವಾ ಹಾಗೂ ಕಾರವಾರದ ಕರಾವಳಿಯಲ್ಲಿ ಒಂದು ಪಕ್ಕಕ್ಕೆ ಮರದ ತೇಲುದಿಮ್ಮಿ ಕಟ್ಟಿದ ಮೀನುಗಾರರ ದೋಣಿಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಲೆಗಳ ನಡುವೆ ದೋಣಿ ಮಗುಚದಂತೆ ಆ ದಿಮ್ಮಿ ಕಾಯುತ್ತದೆ. ನಡುವಿನ ದೋಣಿಯ ಎರಡೂ ಪಕ್ಕಗಳಿಗೆ ಇಂತಹ ಆಸರೆಯಿದ್ದರೆ ಅದು ಟ್ರೈಮರಾನ್, ಅಂದರೆ ಮೂರು ಒಡಲುಗಳ ಹಾಯಿದೋಣಿ.

ಇದರ ದೊಡ್ಡ ತೊಡಕು ಅಗಲ. ನ್ಯೂಜಿಲೆಂಡ್ ಮೂಲದ ವಿನ್ಯಾಸಕಾರ ಇಯಾನ್ ಫ್ಯಾರಿಯರ್ (2017ರಲ್ಲಿ ನಿಧನರಾದರು) ಪಕ್ಕದ ಒಡಲುಗಳನ್ನು ನಡುವಿನ ಒಡಲಿನ ಮಗ್ಗುಲಿಗೆ ಮಡಚುವ ವ್ಯವಸ್ಥೆಯಿಂದ ಆ ತೊಡಕನ್ನು ನಿವಾರಿಸಿದರು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಗೊಂಡ ಕೊರ್ಸೇರ್ ಮರೈನ್ ಸಂಸ್ಥೆ ತಯಾರಿಸಿದ ಅವರ ಎಫ್-27 ದೋಣಿ, ಬಿಚ್ಚಿದಾಗ ಸುಮಾರು 19 ಅಡಿ ಅಗಲವಿದ್ದು, ಮಡಚಿದಾಗ ಎಂಟೂವರೆ ಅಡಿಯೊಳಗೆ ಅಡಗುತ್ತದೆ. ಕಾರಿನ ಹಿಂದೆ ಕಟ್ಟಿ ರಸ್ತೆಯಲ್ಲಿ ಒಯ್ಯಲು ಇಷ್ಟು ಸಾಕು.

ಇಂತಹ ದೋಣಿಯ ಜೀವಾಳವೇ ಹಗುರತನ. ಅದಕ್ಕಾಗಿ ಫೈಬರ್‌ಗ್ಲಾಸಿನ ಎರಡು ತೆಳು ಪದರಗಳ ನಡುವೆ ಹಗುರವಾದ ಫೋಮ್ ಅಥವಾ ಬಾಲ್ಸಾ ಮರವನ್ನು ತುಂಬಿ ಒಡಲನ್ನೂ ಮೇಲ್ಛಾವಣಿಯನ್ನೂ ಕಟ್ಟುತ್ತಾರೆ. ಹಗ್ಗದ ಕೊಕ್ಕೆ, ರಾಟೆ, ಕಂಬಿ ಮೊದಲಾದವನ್ನು ಈ ಪದರಗಳ ಮೂಲಕ ಬೋಲ್ಟು ಹಾಕಿ ನಿಲ್ಲಿಸುತ್ತಾರೆ. ಗಾಳಿಯ ಸೆಳೆತಕ್ಕೆ ಅವು ದಿನವೂ ಅಲುಗುತ್ತವೆ. ಒಳಗಿನ ಮೆತ್ತನೆಯ ತಿರುಳು ಜಜ್ಜಿಹೋಗಿ ರಂಧ್ರ ಹಿಗ್ಗುತ್ತದೆ. ಮನೆಯ ಬಾಗಿಲಿನ ಕೀಲಿನ ತಿರುಪು ಸಡಿಲವಾಗುವುದೂ ಹೀಗೆಯೇ. ಆದರೆ ದೋಣಿಯಲ್ಲಿ ಆ ಬಿರುಕಿನಿಂದ ನೀರು ಒಳಹೋಗುತ್ತದೆ. ಬಾಲ್ಸಾ ಕೊಳೆಯುತ್ತದೆ, ಫೋಮ್ ಕೊಳೆಯದಿದ್ದರೂ ಪದರದಿಂದ ಬಿಟ್ಟುಕೊಳ್ಳಬಹುದು. ಹೊರಗೆ ಏನೂ ಕಾಣದಿರುವಾಗಲೇ ಒಳಗೆ ಬಲಗುಂದಿರುತ್ತದೆ. ಅಂತಹ ಸ್ಥಳದಲ್ಲಿ ನಟ್ಟನ್ನು ಮತ್ತೆ ಮತ್ತೆ ತಿರುಗಿಸುವುದರಿಂದ ತಿರುಳು ಇನ್ನಷ್ಟು ಜಜ್ಜುತ್ತದೆಯೇ ವಿನಾ ದೋಷ ನೀಗುವುದಿಲ್ಲ. ಬಿರುಗಾಳಿಯಲ್ಲಿ ಆ ಕೊಕ್ಕೆ ಕಿತ್ತುಬಂದರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಮೊದಲು ಪರೀಕ್ಷೆ. ಸುತ್ತಲಿನ ಭಾಗವನ್ನು ನಾಣ್ಯದಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿಯಿರುವಲ್ಲಿ ನಾದ ಸ್ಪಷ್ಟ, ಕೆಟ್ಟಿರುವಲ್ಲಿ ಮಂಕು. ಕೆಟ್ಟ ಭಾಗ ಅಂಗೈಯನ್ನೂ ಮೀರಿ ಹಬ್ಬಿದ್ದರೆ ಪದರ ಬಿಚ್ಚಿ ಹೊಸ ತಿರುಳು ಕೂರಿಸುವ ಕೆಲಸವನ್ನು ನುರಿತವರಿಗೆ ಬಿಡುವುದು ಲೇಸು.

ದೋಷ ಚಿಕ್ಕದಿದ್ದರೆ ದುರಸ್ತಿ ಕಠಿಣವಲ್ಲ. ಬೋಲ್ಟು ತೆಗೆದು, ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಎರಡು ಪದರಗಳ ನಡುವಿನ ತಿರುಳನ್ನು ರಂಧ್ರದ ಸುತ್ತ ಕೆರೆದು ತೆಗೆಯಬೇಕು. ಅದು ಸಂಪೂರ್ಣ ಒಣಗುವವರೆಗೆ ಕಾಯಬೇಕು. ಇಲ್ಲಿ ಅವಸರ ಸಲ್ಲದು. ಕೆಳಬದಿಗೆ ಟೇಪು ಅಂಟಿಸಿ, ಮೊದಲು ತೆಳು ಎಪಾಕ್ಸಿ ಸವರಿ, ಬಳಿಕ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಖಾಲಿ ಉಳಿಯದಂತೆ ತುಂಬಬೇಕು. ಕೈಗವಸು ಮತ್ತು ಗಾಳಿಯಾಡುವ ಜಾಗ ಅವಶ್ಯ. ಅದು ಪೂರ್ತಿ ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ರಂಧ್ರ ಕೊರೆದರೆ, ಬೋಲ್ಟಿನ ಸುತ್ತ ನೀರು ನುಸುಳದ ಗಟ್ಟಿ ಗೋಡೆ ನಿಲ್ಲುತ್ತದೆ.

ರಂಧ್ರದ ಮೇಲಂಚನ್ನು ಸ್ವಲ್ಪ ಇಳಿಜಾರಾಗಿಸಿ ಬ್ಯುಟೈಲ್ ಟೇಪು ಸುತ್ತಿ ಬೋಲ್ಟು ಕೂರಿಸಬೇಕು. ಒಳಬದಿಗೆ ಅಗಲವಾದ ಆಸರೆ ಹಲಗೆ ಅಥವಾ ದೊಡ್ಡ ವಾಷರ್ ಇದ್ದರೆ ಸೆಳೆತ ಹಂಚಿಹೋಗುತ್ತದೆ. ಮೇಲೆ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ಕೆಳಗಿನ ನಟ್ಟನ್ನಷ್ಟೇ ತಿರುಗಿಸಬೇಕು. ಬೋಲ್ಟೇ ತಿರುಗಿದರೆ ಟೇಪಿನ ಹಿಡಿತ ತಪ್ಪುತ್ತದೆ.

ಮಡಚುವ ತೋಳುಗಳನ್ನು ನಡುವಿನ ಒಡಲಿಗೆ ಬಂಧಿಸುವ ದೊಡ್ಡ ಬೋಲ್ಟುಗಳ ವಿಷಯ ಬೇರೆ. ಬಿಚ್ಚಿದ ಪ್ರತಿ ಬಾರಿಯೂ, ದೋಣಿ ಹೊರಡುವ ಮುನ್ನ, ಅವು ಬಿಗಿಯಾಗಿವೆಯೇ ಎಂದು ನೋಡಲೇಬೇಕು. ತೋಳು ಆಡುತ್ತಿದ್ದರೆ ಅದು ಕೂರುವ ಜಾಗ ಸವೆದಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಸ್ಟೇನ್‌ಲೆಸ್ ಉಕ್ಕು ಅಲ್ಯೂಮಿನಿಯಮ್ಮಿಗೆ ತಾಗುವೆಡೆ ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ನಡುವೆ ರಕ್ಷಕ ಲೇಪ ಹಚ್ಚುವುದು ಒಳಿತು.

ಅಲುಗುವ ಒಂದು ಬೋಲ್ಟು ಒಳಗಿನ ರೋಗದ ಮೊದಲ ಸೂಚನೆ. ಅದನ್ನು ಕಂಡ ದಿನವೇ ಬಿಚ್ಚಿ ನೋಡಿದರೆ ಒಂದು ರಂಧ್ರದ ದುರಸ್ತಿಯಲ್ಲಿ ಮುಗಿಯುತ್ತದೆ. ಮುಂದೂಡಿದರೆ ಇಡೀ ಛಾವಣಿಯನ್ನೇ ಬಿಚ್ಚಬೇಕಾದೀತು.